ಪಾದ ಕಾಣದ ದೊಣ್ಣೆವರಸೆ ಪುಸ್ತಕ

ಹತ್ತಿರ ಬನ್ನಿ ಮಕ್ಕಳೇ, ಗದ್ದಲ ಬೇಡ. ಇದು ನಕ್ಕು ಮರೆಯುವ ಕಥೆಯಲ್ಲ.

ಜಪಾನು ದೇಶದಲ್ಲಿ, ಬೆಟ್ಟಗಳ ನಡುವೆ ಒಂದು ಪುಟ್ಟ ರಾಜ್ಯ. ಅದಕ್ಕೊಬ್ಬ ದೊರೆ. ಒಳ್ಳೆಯವನೇ, ಆದರೆ ಹೊಳೆಯುವುದನ್ನು ಕಂಡರೆ ಅವನ ಕಣ್ಣು ಅಲ್ಲೇ ನಟ್ಟುಬಿಡುತ್ತಿತ್ತು. ಆ ರಾಜ್ಯಕ್ಕೆ ಬರಲು ಇದ್ದದ್ದು ಒಂದೇ ಕಣಿವೆ ದಾರಿ. ಅದನ್ನು ಕಾಯುವವರು ರೈತರು. ರೈತರು ಕತ್ತಿ ಹಿಡಿಯುವಂತಿಲ್ಲ ಅಂತ ಅಲ್ಲಿಯ ಕಟ್ಟಳೆ. ದರೋಡೆಕೋರರು ಕತ್ತಿ ಹಿರಿದು ಬಂದರೆ ಇವರ ಕೈಯಲ್ಲಿರುವುದು ಬರೀ ಒಂದು ದೊಣ್ಣೆ. ಆ ದೊಣ್ಣೆಯಿಂದಲೇ ಕತ್ತಿಯನ್ನು ಗೆಲ್ಲುವ ವಿದ್ಯೆಯೂ ಆ ದೇಶದಲ್ಲಿತ್ತು. ಆದರೆ ಊರಿಗೆ ಅದನ್ನು ಕಲಿಸುತ್ತಿದ್ದ ಗುರು ತೀರಿಕೊಂಡ. ಇನ್ನು ಪುಸ್ತಕ ನೋಡಿಯೇ ಕಲಿಯಬೇಕು.

ಆಸ್ಥಾನದಲ್ಲಿ ಮುನೆಚಿಕ ಅಂತ ಒಬ್ಬ ದೊಣ್ಣೆವರಸೆಯ ಪಂಡಿತನಿದ್ದ. ಹಣ ಕೊಟ್ಟು ಬಾಗಿಲಿಗೆ ಬಂದವರಿಗಷ್ಟೇ ಎದುರು ನಿಂತು ಕಲಿಸುತ್ತಿದ್ದ ಅವನು, ರೈತರಿಗೆ ಒಂದು ಪುಸ್ತಕ ಬರೆದುಕೊಟ್ಟ. ರೈತರು ಅದನ್ನು ನೋಡಿ ಕಲಿತರು, ಕಣಿವೆಗೆ ಹೋದರು. ಚಳಿಗಾಲದಲ್ಲಿ ದರೋಡೆಕೋರರು ಬಂದರು. ಕಾಯಲು ಹೋದವರಲ್ಲಿ ಒಬ್ಬರೂ ತಿರುಗಿ ಬರಲಿಲ್ಲ.

"ದಡ್ಡರು. ಸರಿಯಾಗಿ ಓದಲಿಲ್ಲ," ಅಂದ ಮುನೆಚಿಕ. ಸತ್ತವರು ಎದ್ದು ಬಂದು ಉತ್ತರ ಕೊಡುತ್ತಾರೆಯೇ? ಅವನ ಮಾತೇ ಗೆದ್ದಿತು.

ಮತ್ತೆ ಕಾವಲಿಗೆ ಜನ ಬೇಕಾಯಿತು. ಈ ಸಲ ಹೊರಟವರಲ್ಲಿ ಒರಿನ್ ಎಂಬ ಹುಡುಗಿಯೂ ಇದ್ದಳು. ಅವಳ ಅಪ್ಪ ಗೆನ್ಬೆ, ರೈತರ ಮನೆಯಲ್ಲಿ ಹುಟ್ಟಿ, ಓದಿ, ಅರಮನೆಯ ಪುಸ್ತಕ ಭಂಡಾರದ ಅಧಿಕಾರಿಯಾದವನು. ಹಿಂದಿನ ಸಲ ಅವನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಮಗಳು ಹೋಗುತ್ತಾಳೆ ಅಂತ ತಿಳಿದ ಮೇಲೆ ತಾನೇ ಹೋಗಿ ದೊರೆಯ ಕಾಲು ಹಿಡಿದ.

"ದೊರೆಗಳೇ, ಈ ಸಲ ಪುಸ್ತಕಗಳನ್ನು ನಾನು ಪರೀಕ್ಷೆ ಮಾಡ್ತೀನಿ. ಅಪ್ಪಣೆ ಕೊಡಿ."

ದೊರೆ ಒಪ್ಪಿದ. ಸಭೆ ಸೇರಿತು. ಮೂರು ಪುಸ್ತಕ ಬಂದವು.

ಮೊದಲನೆಯದು ಒಬ್ಬ ಸನ್ಯಾಸಿಯದು. ದೊಣ್ಣೆಯೇ ಆಕಾಶ, ದೊಣ್ಣೆಯೇ ಶೂನ್ಯ ಅಂತ ಉದ್ದಕ್ಕೂ ಬರೆದಿದ್ದ. "ಸ್ವಾಮಿ, ದೊಣ್ಣೆ ಹಿಡಿಯೋದು ಹೇಗೆ?" ಅಂತ ಗೆನ್ಬೆ ಕೇಳಿದ. ಸನ್ಯಾಸಿ ಪ್ರಾಮಾಣಿಕ. "ನನಗೆ ಗೊತ್ತಿಲ್ಲಪ್ಪ," ಅಂತ ಪುಸ್ತಕ ಎತ್ತಿಕೊಂಡು ಹೋದ.

ಎರಡನೆಯದು ನೆರೆರಾಜ್ಯದ ಸಾಯೊ ಎಂಬ ಮುದುಕಿ ಕಳಿಸಿದ್ದು. ತೆಳ್ಳನೆಯ ಪುಸ್ತಕ. ಚಿತ್ರಗಳೋ, ಗೆಣಸಿಗೆ ಕೈಕಾಲು ಬಂದ ಹಾಗಿದ್ದವು. ಸಭೆಯವರು ಮುಸಿಮುಸಿ ನಕ್ಕರು. ಆದರೆ ಪ್ರತಿ ಚಿತ್ರದಲ್ಲೂ ಇಬ್ಬರಿದ್ದರು, ಕತ್ತಿಯವನು ಒಬ್ಬ, ದೊಣ್ಣೆಯವನು ಒಬ್ಬ. ಪಾದಗಳನ್ನು ದೊಡ್ಡದಾಗಿ ಬರೆದಿದ್ದಳು. ಕೊನೆಯ ಪುಟದಲ್ಲಿ, ಇದರ ಮುಂದಿನದನ್ನು ಪುಸ್ತಕದಿಂದ ಕಲಿಯಬೇಡಿ, ಬಲ್ಲವರ ಎದುರು ನಿಂತು ಕಲಿಯಿರಿ ಅಂತ ಇತ್ತು.

ಮೂರನೆಯದು ಮುನೆಚಿಕನದು, ಅದೇ ಹಳೆಯ ಪುಸ್ತಕ. ಈಗ ಚಿನ್ನದ ಅಂಚು, ರೇಷ್ಮೆ ಹೊದಿಕೆ. ಒಳಗೆ ಒಬ್ಬನೇ ವೀರ ನಿಂತಿದ್ದಾನೆ. ಅವನ ನಿಲುವಂಗಿ ಎಷ್ಟು ಚಂದ ಅಂದರೆ ಅದು ನೆಲ ಮುಟ್ಟಿ ಪಾದವನ್ನೆಲ್ಲ ಮುಚ್ಚಿದೆ.

"ಪಾದ ಎಲ್ಲಿ?" ಅಂದ ಗೆನ್ಬೆ.

"ಬಟ್ಟೆ ಒಳಗೆ."

"ಎದುರಾಳಿ ಎಲ್ಲಿ?"

"ಓದುವವನು ಊಹಿಸಿಕೊಳ್ಳಲಿ."

"ಗುರು ಬೇಡವೇ?"

"ನನ್ನ ಪುಸ್ತಕ ಇದ್ದರೆ ಯಾವ ಗುರುವೂ ಬೇಡ."

ದೊರೆಯ ಕಣ್ಣು ಆಗಲೇ ಚಿನ್ನದ ಅಂಚಿನ ಮೇಲೆ ಕೂತಿತ್ತು. "ಇದೇ ಇರಲಿ," ಅಂದ.

ಗೆನ್ಬೆ ಸಭೆಯಲ್ಲಿ ನಿಂತಿದ್ದ ಮಗಳತ್ತ ನೋಡಿದ. ತಾಳ್ಮೆ ಕಳೆದುಕೊಳ್ಳಲಿಲ್ಲ. "ಆಗಲಿ ದೊರೆಗಳೇ. ಪಂಡಿತರೇ ಒಂದು ಸಲ ಮಾಡಿ ತೋರಿಸಲಿ. ನಾನು ಪುಸ್ತಕ ಓದ್ತೀನಿ, ನನ್ನ ಮಗಳು ಮರದ ಕತ್ತಿ ಬೀಸ್ತಾಳೆ. ಪಂಡಿತರು ಪುಸ್ತಕದಲ್ಲಿ ಇದ್ದಷ್ಟನ್ನೇ ಮಾಡಬೇಕು."

ಸಭೆಯ ಮುಂದೆ ಆಗುವುದಿಲ್ಲ ಅನ್ನಲು ಮುನೆಚಿಕನಿಗೆ ಬಾಯಿ ಬರಲಿಲ್ಲ. ದೊಣ್ಣೆ ಹಿಡಿದು ನಿಂತ.

ಗೆನ್ಬೆ ಓದಿದ: "ಕತ್ತಿ ತಲೆಗೆ ಬಂದಾಗ ದೊಣ್ಣೆ ಎತ್ತು. ಮನಸ್ಸು ಸ್ಥಿರವಾಗಿರಲಿ. ಹೊಡೆ."

ಒರಿನ್ ಬೀಸಿದಳು. ಏಟು ಮುನೆಚಿಕನ ಭುಜಕ್ಕೆ ಬಿತ್ತು. "ನೀನು ಬೇಗ ಓದಿದೆ," ಅಂದ.

ಗೆನ್ಬೆ ನಿಧಾನವಾಗಿ ಓದಿದ. ಒರಿನ್ ಬೀಸಿದಳು. ಏಟು ಮಣಿಕಟ್ಟಿಗೆ ಬಿತ್ತು. "ಇವಳು ತಪ್ಪಾಗಿ ಬೀಸಿದಳು," ಅಂದ.

"ದರೋಡೆಕೋರರು ನಿಮ್ಮನ್ನ ಕೇಳಿ ಬೀಸ್ತಾರೆಯೇ?" ಅಂದ ಗೆನ್ಬೆ. ಆಮೇಲೆ ದೊರೆಯತ್ತ ತಿರುಗಿದ. "ಕೊನೆಯ ಸಲ. ನಿಮ್ಮ ಕತ್ತಿ ಕೊಡಿ."

ಕಟ್ಟಳೆ ನೆನೆದು ದೊರೆ ಅನುಮಾನಿಸಿದ, ಆದರೂ ಕೊಟ್ಟ. ಒರಿನ್ ಕೈಯಲ್ಲಿ ನಿಜವಾದ ಕತ್ತಿ ಒರೆಯಿಂದ ಹೊರಗೆ ಬಂತು. ತಲೆಯ ಮೇಲೆ ಒಂದು ಗೇಣು ಬಿಟ್ಟು ನಿಲ್ಲಿಸು ಅಂತ ಗೆನ್ಬೆ ಮಗಳಿಗೆ ಮೊದಲೇ ಹೇಳಿಕೊಟ್ಟಿದ್ದ. ಮುನೆಚಿಕನಿಗೆ ಅದು ಗೊತ್ತಿಲ್ಲ.

ಗೆನ್ಬೆ ಓದಿದ. ಒರಿನ್ ಬೀಸಿದಳು.

ಮುನೆಚಿಕನ ಎಡಗಾಲು ತಾನಾಗಿಯೇ ಓರೆಯಾಗಿ ಮುಂದಕ್ಕೆ ಸರಿಯಿತು. ಮೈ ಪಕ್ಕಕ್ಕೆ ತಿರುಗಿತು. ಅವಳ ಕತ್ತಿ ಬರೀ ಗಾಳಿಯಲ್ಲಿ ನಿಂತಿತು, ಅವನ ದೊಣ್ಣೆ ಅವಳ ಮಣಿಕಟ್ಟಿನ ಮೇಲೆ ಬಂದು ಕೂತಿತ್ತು. ಎಂಥ ವಿದ್ಯೆ! ನೋಡಿದವರು ಬೆರಗಾದರು.

ಗೆನ್ಬೆ ಪುಸ್ತಕವನ್ನು ಅವನ ಮುಂದೆ ಹಿಡಿದ. "ಈಗ ಕಾಲು ಸರಿಸಿದಿರಲ್ಲ ಪಂಡಿತರೇ, ಅದು ಯಾವ ಪುಟದಲ್ಲಿದೆ?"

ಮುನೆಚಿಕ ತಲೆ ತಗ್ಗಿಸಿದ. "ಅದನ್ನ ಬರೆದರೆ... ಆಮೇಲೆ ನನ್ನ ಬಾಗಿಲಿಗೆ ಯಾರು ಬರ್ತಾರೆ?"

ಸಭೆಯ ಹಿಂದಿನಿಂದ ಮಾತ್ಸು ಎದ್ದು ನಿಂತಳು. ಕಣಿವೆಯಲ್ಲಿ ಸತ್ತವರಲ್ಲಿ ಅವಳ ಮಗನೂ ಒಬ್ಬ. "ನನ್ನ ಮಗನೂ ಕಾಲು ಸರಿಸ್ತಿದ್ದ ಕಣಯ್ಯಾ," ಅಂದಳು. "ಒಂದು ಮಾತು ಹೇಳಿದ್ದರೆ ಅವನೂ ಸರಿಸ್ತಿದ್ದ."

ದೊರೆ ಅತ್ತ. ಚಿನ್ನದ ಅಂಚಿಗೆ ಮರುಳಾದ ತನ್ನ ಕಣ್ಣನ್ನು ತಾನೇ ಬೈದುಕೊಂಡ. ಆಮೇಲೆ ತೀರ್ಪು ಕೊಟ್ಟ:

"ಸಾಯೊಳ ಪುಸ್ತಕವೇ ಕಣಿವೆಗೆ ಹೋಗಲಿ. ಎದುರು ನಿಂತು ಕಲಿಸುವುದಕ್ಕೆ ಮುನೆಚಿಕ, ನೀನೂ ಹೋಗು. ಅಂಗಿಯನ್ನ ಮೊಣಕಾಲಿಗೆ ಎತ್ತಿ ಕಟ್ಟಿ ಕಲಿಸು. ದರೋಡೆಕೋರರು ಬಂದಾಗ ಎಲ್ಲರಿಗಿಂತ ಮುಂದೆ ನಿಲ್ಲು. ನಿನ್ನ ಎಡಕ್ಕೆ, ಬಲಕ್ಕೆ, ಬೆನ್ನಿಗೆ ನೀನು ಕಲಿಸಿದವರೇ ಇರ್ತಾರೆ."

ಮುನೆಚಿಕ ಹೇಗೆ ಕಲಿಸಿದ ಗೊತ್ತೇ ಮಕ್ಕಳೇ? ಒಂದು ಗುಟ್ಟನ್ನೂ ಬಚ್ಚಿಡಲಿಲ್ಲ. ಬಚ್ಚಿಟ್ಟರೆ ಸಾಯುವವನು ತಾನೇ ಅಲ್ಲವೇ! ಚಳಿಗಾಲ ಬಂತು, ದರೋಡೆಕೋರರು ಬಂದರು, ಸೋತು ಓಡಿದರು. ಕಾಯಲು ಹೋದವರೆಲ್ಲ ಮನೆಗೆ ಬಂದರು. ಒರಿನ್ ಬಂದಾಗ ಗೆನ್ಬೆ ಮಗಳ ಮುಖ ನೋಡಲಿಲ್ಲ, ಕೂತು ಅವಳನ್ನು ಉಳಿಸಿದ ಪಾದ ತೊಳೆದ. ಹಿಂದಿನ ಸಲ ಹೋದ ಮಾತ್ಸುವಿನ ಮಗ ಮಾತ್ರ ಬರಲಿಲ್ಲ. ಅವನನ್ನು ಯಾವ ತೀರ್ಪೂ ತಂದುಕೊಡಲಾರದು.

ಆದ್ದರಿಂದ ಮಕ್ಕಳೇ, ಕಲಿಸುವ ಪುಸ್ತಕ ಕೈಗೆ ಬಂದರೆ, ಅದನ್ನು ನಂಬಿದವರು ಏನಾದರು ಅಂತ ಮೊದಲು ಕೇಳಿ. ಗೊತ್ತಿದ್ದದ್ದನ್ನು ಬಚ್ಚಿಟ್ಟು ಕಲಿಸುವವನು ಕೊಲೆಗಾರನಿಗೆ ಸಮ. ಕಥೆ ಮುಗಿಯಿತು, ಎದ್ದು ಮನೆಗೆ ಹೋಗಿ. ಕಾಲಡಿ ನೋಡಿಕೊಂಡು ಹೋಗಿ.