ನಲವತ್ತು ಮೊಳದ ಹಗ್ಗ

ಅಡವಯ್ಯಜ್ಜನಿಗೆ ಇಪ್ಪತ್ತರ ಮಗ್ಗಿಯಿಂದಾಚೆ ಗಣಿತ ಬರುತ್ತಿರಲಿಲ್ಲ. ಆದರೂ ದಾನಮ್ಮ ಗಣಿತ ಕಲಿಯಲು ಹೊಳೆದಂಡೆಯ ಅವರ ಮಠಕ್ಕೇ ಬರುತ್ತಿದ್ದಳು.

ಅವಳು ಓದುವ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಗಣಿತವೇ ಇರಲಿಲ್ಲ. ತಾನೇ ಓದಿಕೊಂಡು ಪಿಯುಸಿ ಗಣಿತದ ಪರೀಕ್ಷೆಗೆ ಕೂರುತ್ತೇನೆಂದು ಹಟ ಹಿಡಿದಿದ್ದಳು. ಮಠದ ಕಟ್ಟೆಯ ಮೇಲೆ ಕೂತರೆ ನೀರು ತಾ, ರೊಟ್ಟಿ ಬಡಿ ಎಂದು ಯಾರೂ ಕರೆಯುತ್ತಿರಲಿಲ್ಲ.

ಅಜ್ಜನದು ಒಂದೇ ಕರಾರು. ಅವತ್ತು ಕಲಿತದ್ದನ್ನು ಅವತ್ತೇ ಅವರಿಗೆ ಹೇಳಬೇಕು. ತಿಳಿಯದೆ ತಲೆಯಾಡಿಸುವ ಮನುಷ್ಯ ಅವರಲ್ಲ.

ಪರೀಕ್ಷೆಯ ಅರ್ಜಿಗೆ ಗಣಿತ ಕಲಿಸುವ ಯಾರದಾದರೂ ರುಜು ಬೇಕಿತ್ತು. ದಾನಮ್ಮ ಪಕ್ಕದ ಪಟ್ಟಣದ ಕಾಲೇಜಿಗೆ ಹೋದಳು. ಅಲ್ಲಿನ ಮಾಸ್ತರರು ನಕ್ಕರು. ಕಲಿಸುವವರಿಲ್ಲದೆ ಕಲನಶಾಸ್ತ್ರ ಕಲಿಯುವುದೆಂದರೆ ಈಜು ಬರದೆ ಮಡುವಿಗೆ ಇಳಿದಂತೆ ಎಂದರು. ಕೊನೆಗೆ ಪುಸ್ತಕದ ಐದು ಲೆಕ್ಕಗಳಿಗೆ ಗುರುತು ಹಾಕಿದರು. ಸೋಮವಾರ ಬಿಡಿಸಿ ತರಬೇಕು, ಒಂದು ತಪ್ಪಿದರೂ ರುಜು ಇಲ್ಲ.

ನಾಲ್ಕು ಸರಿಬಂದವು. ಐದನೆಯದು ಮೂರು ದಿನ ಕಾಡಿತು.

ಭಾನುವಾರ ಬೆಳಿಗ್ಗೆ ದಾನಮ್ಮ ಅಜ್ಜನ ಮುಂದೆ ಕೂತು ಆ ಲೆಕ್ಕ ಹೇಳಿದಳು. ಹೊಳೆಗೆ ಹೊಂದಿಕೊಂಡು ಆಯತಾಕಾರದ ಒಂದು ಹೊಲ. ಹೊಳೆಯ ಕಡೆ ಬೇಲಿ ಬೇಡ. ಉಳಿದ ಮೂರು ಕಡೆಗೆ ನಲವತ್ತು ಮೀಟರ್ ಬೇಲಿ ಇದೆ. ಹೊಲ ಎಷ್ಟು ದೊಡ್ಡದು ಮಾಡಬಹುದು?

“ನೂರಾ ಎಂಬತ್ತು ಚದರ ಮೀಟರ್ ಬಂತ್ರಿ ಅಜ್ಜಾರ.”

“ಹೆಂಗ ಬಂತು?”

ಎರಡು ಪಕ್ಕ ಹತ್ತತ್ತು, ಎದುರಿಗೆ ಹದಿನೆಂಟು ಎಂದಳು. ಅಜ್ಜ ಬೆರಳು ಮಡಿಸಿದರು.

“ಮೂವತ್ತೆಂಟಾತು. ಇನ್ನೆರಡು ಎಲ್ಲಿ ಹೋತು?”

“ಬಾಗಲಕ್ಕ ಬಿಟ್ಟೀನ್ರಿ.”

“ಲೆಕ್ಕದಾಗ ಬಾಗಲಾ ಐತೇನು?”

ದಾನಮ್ಮ ತಲೆ ತಗ್ಗಿಸಿದಳು. ಆಮೇಲೆ ಒಪ್ಪಿಕೊಂಡಳು. ತನಗೆ ಮೊದಲು ಇನ್ನೂರು ಬಂದಿತ್ತು. ಪುಸ್ತಕದ ಹಿಂದಿನ ಉತ್ತರಗಳಲ್ಲಿ ನೂರಾ ಎಂಬತ್ತು ಅಂತಿತ್ತು. ಕಲಿಸುವವರಿಲ್ಲದ ತನ್ನದೇ ತಪ್ಪಿರಬೇಕೆಂದು ಬಾಗಿಲು ಇಟ್ಟು ಹೊಂದಿಸಿದ್ದಳು.

ಅಜ್ಜ ಬೈಯಲಿಲ್ಲ. ಎದ್ದು ಬಾವಿಯ ಹಗ್ಗ ಬಿಚ್ಚಿ, ಮೊಣಕೈಯಿಂದ ಅಳೆದು ನಲವತ್ತು ಮೊಳಕ್ಕೆ ಗಂಟು ಹಾಕಿದರು. ಮೀಟರಿನ ಉಸಾಬರಿ ತಮಗೆ ಬೇಡ, ಮೊಳ ಸಾಕು ಎಂದು ಹೊಳೆಯ ಮರಳಿಗೆ ನಡೆದರು.

“ಮೊದಲ ಬಂದಿತ್ತಲ್ಲ, ಅದನ್ನ ಹಾಸು.”

ನೀರಿನ ಅಂಚಿನಿಂದ ಹತ್ತು ಮೊಳ, ತಿರುಗಿಸಿ ಇಪ್ಪತ್ತು, ಮತ್ತೆ ನೀರಿನ ಕಡೆಗೆ ಹತ್ತು. ಹಗ್ಗದ ಗಂಟು ಸರಿಯಾಗಿ ನೀರಿನ ಅಂಚಿಗೆ ಬಂತು. ಅಜ್ಜ ಒಳಗೆ ಕಡ್ಡಿಯಿಂದ ಮೊಳಕ್ಕೊಂದು ಗೆರೆ ಎಳೆದು ಚೌಕದ ಮನೆಗಳನ್ನು ಮಾಡಿದರು. ಹತ್ತು ಸಾಲು, ಸಾಲಿಗೆ ಇಪ್ಪತ್ತು ಮನೆ. ಬಗ್ಗಿ ಬಗ್ಗಿ ಅವರ ಸೊಂಟ ಹಿಡಿದುಕೊಂಡಿತು.

ನಡುವೆ ನಿಂತು ಕೇಳಿದರು.

“ನೂರಾ ಎಂಬತ್ತಕ್ಕಿಂತ ದೊಡ್ಡದು ಆಗಂಗಿಲ್ಲಂತೈತಿ ಪುಸ್ತಕ. ನಾ ಎಷ್ಟರಾಗ ನಿಂತೀನಿ?”

“ಇನ್ನೂರರಾಗ್ರಿ.”

ಪಕ್ಕಗಳನ್ನು ಒಂದು ಮೊಳ ಹಿಗ್ಗಿಸಿದಳು, ಒಂದು ಮೊಳ ಕುಗ್ಗಿಸಿದಳು. ಎರಡು ಸಲವೂ ನೂರಾ ತೊಂಬತ್ತೆಂಟೇ ಬಂತು. ಮೂರು ದಿನ ನನ್ನನ್ನೇ ಸುಳ್ಳು ಮಾಡಿಕೊಂಡೆನಲ್ಲ ಎಂದು ದಾನಮ್ಮನಿಗೆ ವಿಪರೀತ ಸಿಟ್ಟು ಬಂತು. ಹಾಳೆ ತೆಗೆದು ಬಾಗಿಲನ್ನು ಹೊಡೆದುಹಾಕಿದಳು.

ಪೆನ್ನು ಅಲ್ಲೇ ನಿಂತಿತು.

“ಮಾಸ್ತರು ಪುಸ್ತಕದ ಹಿಂದಿನ ಹಾಳಿ ನೋಡೇ ತಿದ್ದತಾರ್ರಿ. ನೂರಾ ಎಂಬತ್ತು ಬರದ್ರ ರುಜು ಸಿಗತೈತಿ. ಇನ್ನೂರು ಬರದ್ರ ನಂದು ಈ ವರ್ಷ ಹೋತು.”

ಅಜ್ಜ ಹೊಳೆಯಲ್ಲಿ ಕಾಲು ತೊಳೆಯತೊಡಗಿದರು.

“ನೀ ಏನ್ ಬರೀತಿ?”

ಅವಳು ಬಗ್ಗಿ ಬರೆದಳು. ಅಕ್ಷರಗಳು ದಪ್ಪವಾಗಿದ್ದವು.

“ಇನ್ನೂರ ಬರದೀನ್ರಿ. ಒಪ್ಪಲಿಲ್ಲಂದ್ರ?”

ಅಜ್ಜ ಹಗ್ಗದ ಮರಳು ಕೊಡವಿ, ಸುತ್ತಿ, ಅವಳ ಹೆಗಲಿಗೆ ಹಾಕಿದರು.

“ಅಲ್ಲಿ ಹೊಳಿ ಎಲ್ಲೈತ್ರಿ ಅಜ್ಜಾರ?”

“ಕಾಲೇಜಿಗೆ ಗ್ವಾಡಿ ಐತಲ್ಲ, ಅದನ್ನ ಹೊಳಿ ಅನ್ಕೋ. ಹಗ್ಗದ ಒಂದ ತುದಿ ಮಾಸ್ತರ ಕೈಯಾಗ ಕೊಡು.”