ಗಾಜಿನ ಕೋಣೆಯ ಕಾರು

“ಬಿದ್ದವನನ್ನು ಕೈಹಿಡಿದು ಎತ್ತಿದವನ ಕೆಲಸದಲ್ಲಿ ಕುಂದು ಕಂಡರೆ, ಎದ್ದವನು ಅದನ್ನು ಹೇಳಬಹುದೇ, ಗುರುಗಳೇ?” ಎಂದು ಗುರುಪಾದ ಕೇಳಿದ.

ಬಸ್ಸಿನ ಮೈ ಕಟ್ಟುವ ಗುರುಪಾದನ ಕಾರ್ಖಾನೆ ಮುಚ್ಚುವ ಹಂತಕ್ಕೆ ಬಂದಿದ್ದಾಗ ಗೆಳೆಯನೊಬ್ಬ ಪಾಲುದಾರನಾಗಿ ಬಂದು ಉಳಿಸಿದ್ದು ಗುರುಗಳಿಗೆ ಗೊತ್ತಿತ್ತು. ಯಾರ ಕುಂದು, ಎಂಥ ಕುಂದು ಎಂದು ಅವರು ವಿಚಾರಿಸಲಿಲ್ಲ. ಒಂದು ಕತೆ ಹೇಳಿದರು.

ಅಮೆರಿಕದ ಉತ್ತರ ಭಾಗದ ಒಂದು ಊರಿನಲ್ಲಿ ಒಬ್ಬ ಕಾರು ತಯಾರಕನಿದ್ದ. ಕಾರ್ಖಾನೆ ಅವನ ಅಜ್ಜ ಕಟ್ಟಿದ್ದು. ಊರಿಗೆ ಊರೇ ಅದರಲ್ಲಿ ದುಡಿದು ಉಣ್ಣುತ್ತಿತ್ತು. ಅವನ ಕಾರುಗಳು ದೊಡ್ಡವು, ಭಾರವಾದವು, ಪೆಟ್ರೋಲನ್ನು ನೀರಿನಂತೆ ಕುಡಿಯುವಂಥವು. ಪೆಟ್ರೋಲಿನ ಬೆಲೆ ಏರಿದ ಮೇಲೆ ಜನ ಚಿಕ್ಕ ಕಾರು ಕೇಳತೊಡಗಿದರು. ಚಿಕ್ಕ ಕಾರು ಮಾಡುವುದು ಅವನಿಗೆ ಬರುತ್ತಿರಲಿಲ್ಲ. ಮಾರಾಟವಾಗದ ಕಾರುಗಳು ಅಂಗಳ ತುಂಬಿ ನಿಂತವು. ಕೆಲಸಗಾರರನ್ನು ಮನೆಗೆ ಕಳುಹಿಸಿ, ಒಂದು ದಿನ ಅವನೇ ಬಾಗಿಲಿಗೆ ಬೀಗ ಹಾಕಿದ.

ಆಗ ಕಡಲಾಚೆಯಿಂದ ಇನ್ನೊಬ್ಬ ಕಾರು ತಯಾರಕ ಬಂದ. ಅವನದು ಹಿಮ ಬೀಳದ ನಾಡು. ಚಿಕ್ಕ ಕಾರಿನಲ್ಲಿ ಅವನದು ಎತ್ತಿದ ಕೈ. ತನ್ನ ಕಾರನ್ನು ಈ ಕಾರ್ಖಾನೆಯಲ್ಲಿ ಕಟ್ಟೋಣ, ಜೊತೆಯಾಗಿ ಮಾರೋಣ ಎಂದ. ಒಪ್ಪಂದವಾಯಿತು. ಬೀಗ ತೆಗೆದರು. ಹೋದವರನ್ನೆಲ್ಲ ಹೆಸರು ಹಿಡಿದು ಮತ್ತೆ ಕರೆಸಿದರು. ಅಂದು ಅಮೆರಿಕದವನು ಕೆಲಸಗಾರರ ನಡುವೆ ನಿಂತು ಅತ್ತುಬಿಟ್ಟ. ಈ ಪರದೇಶಿಯ ಉಪಕಾರವನ್ನು ಬದುಕಿರುವವರೆಗೂ ಮರೆಯಬಾರದು ಎಂದುಕೊಂಡ.

ಪರದೇಶಿಗೆ ಒಂದು ಪದ್ಧತಿಯಿತ್ತು. ಹೊಸ ನಾಡಿನಲ್ಲಿ ಕಾರು ಕಟ್ಟುವ ಮೊದಲು ಒಂದನ್ನು ಅಲ್ಲಿನ ಪಾಲುದಾರನಿಗೆ ಕೊಡುತ್ತಿದ್ದ. ಪಾಲುದಾರ ಅದನ್ನು ಓಡಿಸಬೇಕು, ಬೈಯಬೇಕು, ಬೈದದ್ದನ್ನೆಲ್ಲ ಅವನಿಗೆ ತಿಳಿಸಬೇಕು. ಈ ಚಳಿಗಾಲವೆಲ್ಲ ಓಡಿಸಿ, ಸ್ವಲ್ಪವೂ ಕನಿಕರ ಬೇಡ ಎಂದು ಹೇಳಿ ಅವನು ತನ್ನ ನಾಡಿಗೆ ಹೋದ.

ಅಮೆರಿಕದವನು ಕಾರಿನ ಕೆಳಗೆ ಮಲಗಿ ನೋಡಿದ. ತಗಡು ತೆಳುವಾಗಿತ್ತು. ಅದರ ಮೇಲೆ ಬರೀ ಬಣ್ಣ. ಆ ಊರಿನಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಉಪ್ಪುನೀರು ಕಾರಿನ ತಳಕ್ಕೆ ಅಂಟಿ ಕಬ್ಬಿಣವನ್ನು ತಿನ್ನುತ್ತದೆ. ಅದಕ್ಕೇ ಅವನ ಕಾರ್ಖಾನೆಯಲ್ಲಿ ಅಜ್ಜನ ಕಾಲದಿಂದಲೂ ಕಾರಿನ ತಳಕ್ಕೆ ದಪ್ಪನೆ ಟಾರು ಬಳಿಯುತ್ತಿದ್ದರು. ಈ ಕಾರು ಎರಡು ಚಳಿಗಾಲ ತಾಳುವುದಿಲ್ಲವೆಂದು ಅವನಿಗೆ ನೋಡಿದ ಕ್ಷಣವೇ ತಿಳಿಯಿತು. ಎದ್ದು ಕೈ ಒರೆಸಿಕೊಂಡ. ಯಾರಿಗೂ ಏನೂ ಹೇಳಲಿಲ್ಲ. ಕಾರ್ಖಾನೆಯ ಬಾಗಿಲ ಬಳಿ ಒಂದು ಗಾಜಿನ ಕೋಣೆ ಕಟ್ಟಿಸಿ, ಆ ಕಾರನ್ನು ಅದರೊಳಗೆ ನಿಲ್ಲಿಸಿ, ಮೇಲೆ ದೀಪ ಹಾಕಿಸಿದ. ಒಂದು ಹನಿ ಹಿಮವೂ ಅದಕ್ಕೆ ಸೋಕದಂತೆ ನೋಡಿಕೊಂಡ.

ಅವನ ಹೆಂಡತಿ ಅದನ್ನು ಕಂಡು ಕೇಳಿದಳು: “ಓಡಿಸಿ ನೋಡಿ ಎಂದು ಕೊಟ್ಟದ್ದನ್ನು ನೋಡಿಕೊಂಡೇ ಕೂತಿದ್ದೀರಲ್ಲ. ನಮ್ಮ ಕಾರಿಗೆ ಬೇಕಾದ ಟಾರು ಅವರ ಕಾರಿಗೆ ಬೇಡವೇ?”

“ಮುಳುಗುತ್ತಿದ್ದವನನ್ನು ದಡಕ್ಕೆ ಎಳೆದವನು ಅವನು,” ಎಂದ ಅವನು. “ಟಾರು ಬಳಿದರೆ ಅವನ ಕಾರಿನ ತಳ ಸರಿಯಿಲ್ಲ ಎಂದಂತೆ. ಅದನ್ನು ಯಾವ ಬಾಯಲ್ಲಿ ಹೇಳಲಿ?”

“ಊಟ ಮಾಡುವ ಬಾಯಲ್ಲೇ ಹೇಳಿ,” ಎಂದಳು ಅವಳು.

ಅವನು ಹೇಳಲಿಲ್ಲ. ಚಳಿಗಾಲ ಕಳೆಯಿತು. ಪರದೇಶಿ ಫೋನ್ ಮಾಡಿ ಕಾರು ಹೇಗಿದೆ ಎಂದ. ಹೆಸರಿಡುವಂಥದ್ದು ಏನೂ ಇಲ್ಲ ಎಂದು ಇವನು ಉತ್ತರಿಸಿದ. ಕುಂದು ಒಂದೂ ಇಲ್ಲವೇ ಎಂದು ಅವನು ಮತ್ತೆ ಕೇಳಿದ. ಒಂದೂ ಇಲ್ಲ ಎಂದು ಇವನು ಮತ್ತೆ ಹೇಳಿದ. ಪರದೇಶಿಗೆ ಸಂತೋಷವಾಯಿತು. ಕಾರ್ಖಾನೆ ಹಗಲಿರುಳು ನಡೆಯಿತು. ಚಿಕ್ಕ ಕಾರಿಗೆ ಜನ ಮುಗಿಬಿದ್ದರು. ಊರಿನಲ್ಲಿ ಮತ್ತೆ ಮದುವೆಗಳಾದವು, ಹೊಸ ಮನೆಗಳೆದ್ದವು. ಹೇಳದೇ ಇದ್ದದ್ದೇ ಒಳ್ಳೆಯದಾಯಿತು ಎಂದು ಅಮೆರಿಕದವನಿಗೆ ಅನ್ನಿಸಿತು.

ಎರಡನೆಯ ಚಳಿಗಾಲದ ಹೊತ್ತಿಗೆ ಕಾರುಗಳ ಬಾಗಿಲಡಿಯಲ್ಲಿ ಕೆಂಪು ಕಲೆಗಳು ಕಂಡವು. ಆಮೇಲೆ ತಳ ತೂತಾಯಿತು. ಈ ಕಾರಿನಲ್ಲಿ ಕೂತುಕೊಂಡೂ ಹೋಗಬಹುದು, ನಡೆದುಕೊಂಡೂ ಹೋಗಬಹುದು ಎಂದು ಜನ ಆಡಿಕೊಂಡು ನಕ್ಕರು. ನಕ್ಕವರು ಮತ್ತೆ ಆ ಕಾರನ್ನು ಕೊಳ್ಳಲಿಲ್ಲ.

ಪರದೇಶಿ ಓಡಿ ಬಂದ. ಜನ ಹಿಂದಿರುಗಿಸಿದ್ದ ಕಾರೊಂದರ ಬಳಿ ಕುಳಿತು ಬೆರಳಿನಿಂದ ಅದರ ತಳವನ್ನು ಒತ್ತಿದ. ಬೆರಳು ಒಳಗೆ ಹೋಯಿತು. ಅದನ್ನು ಹೊರಕ್ಕೆಳೆದುಕೊಂಡು, “ಇದು ನಿಮಗೆ ತಿಳಿದಿರಲಿಲ್ಲವೇ?” ಎಂದು ಕೇಳಿದ.

“ತಿಳಿದಿತ್ತು,” ಎಂದ ಅಮೆರಿಕದವನು. “ನಿಮ್ಮ ಮನಸ್ಸು ನೋಯಿಸಲು ನನ್ನಿಂದಾಗಲಿಲ್ಲ.”

“ಕಾರು ಕಟ್ಟುವವರು ನನ್ನ ನಾಡಿನಲ್ಲೇ ಬೇಕಾದಷ್ಟು ಜನ ಇದ್ದರು. ಈ ಚಳಿಯನ್ನು ಬಲ್ಲವರು ಇರಲಿಲ್ಲ. ಅದಕ್ಕೇ ನಾನು ನಿಮ್ಮ ಬಾಗಿಲಿಗೆ ಬಂದೆ.”

ಪರದೇಶಿ ಸಿಟ್ಟಾಗಲಿಲ್ಲ. ಅವನೂ ಬಹಳ ಕಳೆದುಕೊಂಡಿದ್ದ. ಇದ್ದದ್ದನ್ನು ಕಟ್ಟಿಕೊಂಡು ತನ್ನ ನಾಡಿಗೆ ಹೊರಟುಹೋದ. ಕಾರ್ಖಾನೆಗೆ ಮತ್ತೆ ಬೀಗ ಬಿತ್ತು. ಈ ಸಲ ಅದನ್ನು ತೆಗೆಯಲು ಯಾರೂ ಬರಲಿಲ್ಲ. ಕೆಲಸಗಾರರು ಒಬ್ಬೊಬ್ಬರಾಗಿ ಊರು ಬಿಟ್ಟರು. ಹೋಗುವಾಗ ಅವರು ಅಮೆರಿಕದವನ ಮನೆಗೆ ಬಂದು, ನಿಮ್ಮದೇನೂ ತಪ್ಪಿಲ್ಲ, ಪರದೇಶಿಯ ಕಾರೇ ಸರಿಯಿರಲಿಲ್ಲ ಎಂದು ಸಮಾಧಾನ ಹೇಳಿದರು. ಅವನಿಗೆ ತಲೆ ಎತ್ತಲಾಗಲಿಲ್ಲ. ಅವನು ಆ ಊರಿನಲ್ಲೇ ಮುದುಕನಾದ. ರಸ್ತೆಗೆ ಉಪ್ಪು ಚೆಲ್ಲುವ ಲಾರಿಯ ಸದ್ದು ಕೇಳಿದಾಗಲೆಲ್ಲ ಎದ್ದು ಹೋಗಿ ಕಿಟಕಿಯ ಪರದೆ ಎಳೆಯುತ್ತಿದ್ದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

“ಆದರೂ ಅವನ ಕೃತಜ್ಞತೆ ನಿಜವಾದದ್ದೇ ಅಲ್ಲವೇ, ಗುರುಗಳೇ?” ಎಂದ ಗುರುಪಾದ. ಅವನ ದನಿ ತಗ್ಗಿತ್ತು.

“ನಿಜವಾದದ್ದೇ, ಆದರೆ ಉಪಕಾರ ಮಾಡಿದವನಿಗೆ ತಿರುಗಿ ಕೊಡಲು ಅವನಲ್ಲಿದ್ದದ್ದು ಆ ಒಂದು ಮಾತು, ಅದನ್ನೇ ಅವನು ಕೊಡಲಿಲ್ಲ.”