ಲವಂಗಕ್ಕೆ ಹೋದ ವರ್ತಕ

ಶಿಷ್ಯನೊಬ್ಬ ಗುರುವನ್ನು ಕೇಳಿದ: "ಗುರುಗಳೇ, ನಿಂಗಪ್ಪ ದಿನಕ್ಕೆ ಹತ್ತು ಸಲ ಬಂದು ಏನಾದರೂ ಕೇಳುತ್ತಾನೆ. ನಾನು ಒಮ್ಮೆಯೂ ನಿಮಗೆ ತೊಂದರೆ ಕೊಟ್ಟವನಲ್ಲ. ಆದರೂ ಅವನನ್ನೇ ಏಕೆ ಹತ್ತಿರ ಕೂರಿಸಿಕೊಳ್ಳುತ್ತೀರಿ?"

ಗುರು ಹೇಳಿದರು:

ನಮ್ಮ ಕಡೆಯ ಒಬ್ಬ ವರ್ತಕ ಲವಂಗ ಕೊಳ್ಳಲು ಕಡಲಾಚೆಯ ದ್ವೀಪಗಳ ನಾಡಿಗೆ ಹೋದ. ನಾಡು ಒಂದೇ, ಆದರೆ ದ್ವೀಪಕ್ಕೊಂದು ಮಾತು, ದ್ವೀಪಕ್ಕೊಂದು ದೇವರು. ಎಲ್ಲ ಕಡೆಯೂ ಇದ್ದ ಕಟ್ಟಳೆ ಒಂದು ಮಾತ್ರ: ತಮ್ಮ ಮನೆಯಲ್ಲಿ ಉಂಡವನಿಗಷ್ಟೇ ಲವಂಗ ಮಾರುವುದು. ಗಾಳಿ ತಿರುಗುವುದರೊಳಗೆ ಮೂಟೆ ತುಂಬಿಕೊಂಡು ಹೊರಡಬೇಕು. ಇಲ್ಲದಿದ್ದರೆ ವರ್ಷವೆಲ್ಲ ಅಲ್ಲೇ.

ಮೊದಲ ದ್ವೀಪದಲ್ಲಿ ಎಲೆ ಹಾಕಿ ಊಟಕ್ಕೆ ಕರೆದರು. ವರ್ತಕ ನಮ್ಮವನಲ್ಲವೇ, ಮರ್ಯಾದೆಗೆ ಬೇಡ ಎಂದ. ಇನ್ನೆರಡು ಸಲ ಒತ್ತಾಯ ಮಾಡುತ್ತಾರೆ, ಆಮೇಲೆ ಕೂರೋಣ ಎಂದುಕೊಂಡಿದ್ದ. ಅವರು ಎಲೆ ಎತ್ತಿಬಿಟ್ಟರು. ಅನ್ನವೂ ಇಲ್ಲ, ಲವಂಗವೂ ಇಲ್ಲ.

ದೋಣಿಯವನು ಅಲ್ಲಿಯ ಮಾತುಗಳನ್ನೆಲ್ಲ ಬಲ್ಲವನು, ದುಭಾಷಿಯೂ ಅವನೇ. ಮುಂದಿನ ದ್ವೀಪದಲ್ಲಾದರೂ ಊಟದ ರೀತಿ ಕೇಳಿಕೊಂಡು ಕೂರುವಂತೆ ಹೇಳಿದ.

"ನಲವತ್ತು ವರ್ಷದಿಂದ ಉಣ್ಣುತ್ತಿದ್ದೇನೆ ಮಾರಾಯ. ಉಣ್ಣುವುದನ್ನೂ ಕೇಳಿ ಕಲಿಯಬೇಕೇ?" ಎಂದ ವರ್ತಕ.

ಎರಡನೆಯ ದ್ವೀಪದಲ್ಲಿ ಕರೆಯುವ ಮೊದಲೇ ಕುಳಿತ. ಒಂದು ಅಗುಳೂ ಬಿಡದೆ ಉಂಡ. ಅಲ್ಲಿ ಅತಿಥಿ ಎಲೆಯಲ್ಲಿ ಒಂದು ತುತ್ತು ಬಿಟ್ಟರೆ ಮಾತ್ರ ಅವನ ಹೊಟ್ಟೆ ತುಂಬಿದಂತೆ. ಎಲೆ ಬರಿದಾದಂತೆಲ್ಲ ಬಡಿಸಿದರು. ಅನ್ನ ಚೆಲ್ಲಬಾರದೆಂದು ಇವನೂ ಉಂಡ. ಮನೆಯ ಗಡಿಗೆ ಮುಗಿಯಿತು, ನೆರೆಮನೆಯದೂ ಮುಗಿಯಿತು. ಬಂದವನ ಹಸಿವು ತೀರಿಸಲಾಗದ ಮನೆ ಯಾವ ಮುಖದಿಂದ ವ್ಯಾಪಾರ ಮಾಡೀತು ಎಂದು ಯಜಮಾನ ತಲೆತಗ್ಗಿಸಿ ಒಳಗೆ ಹೋದ. ವರ್ತಕನನ್ನು ನಾಲ್ವರು ಎತ್ತಿ ದೋಣಿಗೆ ಹಾಕಿದರು.

ಮೂರನೆಯ ದ್ವೀಪ ಮುಟ್ಟುವಾಗ ಗಾಳಿ ತಿರುಗಲು ಒಂದೇ ದಿನ ಉಳಿದಿತ್ತು. ವರ್ತಕ ಎಲೆಯ ಮುಂದೆ ಕುಳಿತ. ಬೇಡ ಎನ್ನಲು ಭಯ, ಕೈ ಹಾಕಲೂ ಭಯ. ಅನ್ನ ಆರುತ್ತ ಬಂತು.

ಆ ಮನೆಯ ಮುದುಕಿ ಕೇಳಿದಳು: "ಏನಪ್ಪ, ಅನ್ನದಲ್ಲಿ ಹಾವು ಕಂಡಿತೇ?"

"ಇಲ್ಲ ಅಜ್ಜಿ. ನಿಮ್ಮಲ್ಲಿ ಹೇಗೆ ಉಣ್ಣಬೇಕೋ ನನಗೆ ಗೊತ್ತಿಲ್ಲ," ಎಂದ ವರ್ತಕ.

ಮನೆಮಂದಿಯೆಲ್ಲ ನಕ್ಕರು. ಮುದುಕಿ ಪಕ್ಕದಲ್ಲಿ ಕುಳಿತು, ಮಗುವಿಗೆ ಕಲಿಸುವಂತೆ ತುತ್ತುತುತ್ತಿಗೂ ತೋರಿಸಿಕೊಟ್ಟಳು. ಸಂಜೆಯೊಳಗೆ ಮೂಟೆಗಳು ದೋಣಿ ಸೇರಿದವು.

ಕತೆ ಮುಗಿಸಿದ ಗುರು, ಏನಾದರೂ ಕೇಳುವುದಿದೆಯೇ ಎಂದರು.

"ಏನೂ ಇಲ್ಲ ಗುರುಗಳೇ, ಎಲ್ಲ ತಿಳಿಯಿತು," ಎಂದ ಶಿಷ್ಯ.

"ಹಾಗಿದ್ದರೆ ನಿನ್ನ ದೋಣಿ ಇನ್ನೂ ಎರಡನೆಯ ದ್ವೀಪ ಬಿಟ್ಟಿಲ್ಲ," ಎಂದರು ಗುರು.